ಅಭ್ಯರ್ಥಿ ಹೇಳದ ಒಂದು ಮಾತು

ನನಗೆ ಈ ದೇಶದಲ್ಲಿ ಓಟಿಲ್ಲ. ಬಂದು ಹದಿನಾರು ವರ್ಷವಾಯಿತು. ತೆರಿಗೆ ಕಟ್ಟುತ್ತೇನೆ, ಮಗಳ ಶಾಲೆಯ ಜಾತ್ರೆಗಳಿಗೆಲ್ಲ ರವೆ ಉಂಡೆ ಕಟ್ಟಿ ಕೊಟ್ಟಿದ್ದೇನೆ, ನೀರಿನ ಬರ ಬಂದ ವರ್ಷ ಇಡೀ ಬೀದಿಗಿಂತ ಮೊದಲು ನೀರು ನಿಲ್ಲಿಸಿ ನಮ್ಮ ಅಂಗಳದ ಹುಲ್ಲು ಒಣಗಿಸಿದ್ದೇನೆ, ಆದರೆ ಓಟಿಲ್ಲ. ಇಂಥ ನನ್ನ ಪಾಲಿಗೆ ಕಾಂಗ್ರೆಸ್ಸಿಗೆ ನಿಂತ ಅಭ್ಯರ್ಥಿಯೊಬ್ಬರ ನಿಲುವುಗಳನ್ನೆಲ್ಲ ಕನ್ನಡಕ್ಕೆ ತರುವ ಕೆಲಸ ಬಂತು. ಅಮೆರಿಕದಲ್ಲಿ ಕಾಂಗ್ರೆಸ್ ಎಂದರೆ ಪಕ್ಷವಲ್ಲ, ಸಂಸತ್ತು. ಮಕ್ಕಳ ಜೊತೆ ಇಲ್ಲಿರುವ ನಮ್ಮ ಕನ್ನಡದ ಅಜ್ಜಂದಿರಿಗೆ ಅಷ್ಟನ್ನು ಬಿಡಿಸಿ ಹೇಳುವುದರಲ್ಲೇ ನನಗೆ ಸಾಕುಸಾಕಾಗಿತ್ತು.

ಕೆಲಸ ಒಪ್ಪಿಸಿದವರು ಸ್ಯಾನ್ ರಮೋನಿನ ಗುಡ್ಡದ ಮೇಲೆ ದೊಡ್ಡ ಮನೆ ಕೊಂಡಿರುವ ಒಬ್ಬ ಹಿರಿಯ ಇಂಜಿನಿಯರ್. ಕನ್ನಡದ ಯಾವ ಸಮಾರಂಭವಿದ್ದರೂ ಮೊದಲ ಸಾಲಿನಲ್ಲಿ ಕೂರುವವರು, ಮೈಕು ಕೊಟ್ಟರೆ ಬೇಗ ಬಿಡದವರು, ಆದರೆ ಮನುಷ್ಯ ಒಳ್ಳೆಯವರು. ಅಭ್ಯರ್ಥಿ ಒಂದು ಭಾನುವಾರ ಮಧ್ಯಾಹ್ನ ಅವರ ಮನೆಗೆ ಬರುವವರಿದ್ದರು. ನಮ್ಮ ಹಿರಿಯರಲ್ಲಿ ಎಷ್ಟೋ ಜನ ಇಲ್ಲಿಯ ಪೌರರಾಗಿದ್ದಾರೆ. ವಯಸ್ಸಾದವರು ಇಲ್ಲಿ ಬಹಳ ವರ್ಷ ಇದ್ದರೆ ಪೌರತ್ವದ ಪರೀಕ್ಷೆಯನ್ನು ತಮ್ಮ ಭಾಷೆಯಲ್ಲೇ ಕೊಡಬಹುದು, ಹಾಗಾಗಿ ಓಟು ಸಿಕ್ಕಿದೆ, ಇಂಗ್ಲಿಷ್ ಸಿಕ್ಕಿಲ್ಲ. ಅಂಚೆಯಲ್ಲಿ ಮತಪತ್ರ ಬಂದಾಗ ಮಗನೋ ಸೊಸೆಯೋ ಬೆರಳಿಟ್ಟು ತೋರಿಸಿದ ಕಡೆ ಪೆನ್ನು ಆಡಿಸಿ ಸಹಿ ಹಾಕುತ್ತಾರೆ. ಇದು ತಪ್ಪು, ಅವರೂ ಓದಿ ತಿಳಿದು ಹಾಕಲಿ ಎಂಬುದು ಇಂಜಿನಿಯರರ ಆಸೆ. ನಾನು ಭಾನುವಾರದ ಕನ್ನಡ ತರಗತಿಯಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸುವವಳಾದ್ದರಿಂದ ಫೋನು ನನಗೇ ಬಂತು. ಅಭ್ಯರ್ಥಿ ಬಂದಾಗ ಪಕ್ಕದಲ್ಲಿ ನಿಂತು ಆ ಕಡೆಯ ಮಾತು ಈ ಕಡೆಗೆ, ಈ ಕಡೆಯದು ಆ ಕಡೆಗೆ ಹೇಳುವುದೂ ನನ್ನ ಕೆಲಸವೇ ಎಂದು ಕೊನೆಗೆ ಸೇರಿಸಿದರು.

ನನ್ನ ಗಂಡನಿಗೆ ಇದು ಸುತರಾಂ ಇಷ್ಟವಿರಲಿಲ್ಲ. ಇವರು ದಿನಾ 680 ಹೆದ್ದಾರಿ ಹಿಡಿದು ಸ್ಯಾನ್ ಹೋಸೆಗೆ ಹೋಗಿಬರುವವರು. ಹದಿನಾರು ವರ್ಷದಲ್ಲಿ ಒಂದು ದಿನವೂ ವೇಗದ ಮಿತಿ ದಾಟಿಲ್ಲ, ಹಿಂದಿನವರು ಹಾರ್ನು ಹೊಡೆದು ಬೈದರೂ ದಾಟಿಲ್ಲ. ಪೊಲೀಸರ ಚೀಟಿಯೊಂದು ನಮ್ಮ ವೀಸಾ ಫೈಲಿಗೆ ಹೋಗಿ ಕೂತರೆ ಎಂಬ ಭಯ. ನಮ್ಮ ಕಾಗದಪತ್ರ ಇನ್ನೂ ಸರ್ಕಾರದ ಕೈಯಲ್ಲಿದೆ, ರಾಜಕೀಯದ ಉಸಾಬರಿ ನಮಗ್ಯಾಕೆ, ಎಲ್ಲೂ ನಮ್ಮ ಹೆಸರು ಬರಬಾರದು ಎಂದು ಮೂರು ದಿನ ಅದೇ ರಾಗ ಹಾಡಿದರು. ಸಂಬಳವಿಲ್ಲದೆ ಸೇವೆ ಮಾಡುವುದಕ್ಕೆ ಅಡ್ಡಿಯಿಲ್ಲ ಎಂದು ನಮ್ಮ ವೀಸಾದ ವಕೀಲರು ಹೇಳಿದ ಮೇಲೂ ಮುಖ ಗಂಟಿಕ್ಕಿಕೊಂಡೇ ಇದ್ದರು. ನನಗೆ ರೇಗಿತು. ಬದುಕೆಲ್ಲ ಉಸಿರು ಬಿಗಿಹಿಡಿದುಕೊಂಡೇ ಇರಬೇಕೆ ಎಂದು ಕೇಳಿ, ಆ ಸಂಜೆಯೇ ಒಪ್ಪಿಗೆ ಕೊಟ್ಟೆ.

ಆದರೆ ನಿಜ ಹೇಳಬೇಕೆಂದರೆ ನಾನು ಒಪ್ಪಿಕೊಂಡದ್ದು ಹಿರಿಯರ ಮೇಲಿನ ಪ್ರೀತಿಯಿಂದಲ್ಲ, ಗಂಡನ ಮೇಲಿನ ಸಿಟ್ಟಿನಿಂದಲೂ ಅಲ್ಲ. ನಮಗೊಬ್ಬಳೇ ಮಗಳು. ನಾಲ್ಕು ವರ್ಷದವಳಿದ್ದಾಗ ಧಾರವಾಡದಿಂದ ಎತ್ತಿಕೊಂಡು ಬಂದೆವು. ಅವಳ ಹಾಲುಹಲ್ಲು ಬಿದ್ದದ್ದು ಇಲ್ಲಿ, ಸೈಕಲ್ ಕಲಿತು ಮೊಣಕಾಲು ಒಡೆದುಕೊಂಡದ್ದು ಇಲ್ಲಿ, ಈಗ ಕಾಲೇಜು ಓದುತ್ತಿರುವುದೂ ಇಲ್ಲಿಯೇ. ಆದರೆ ಕಾಗದದ ಪ್ರಕಾರ ಅವಳು ಅಪ್ಪನ ಕೆಲಸದ ವೀಸಾಕ್ಕೆ ಅಂಟಿಕೊಂಡಿರುವ ಅವಲಂಬಿತೆ. ಇಪ್ಪತ್ತೊಂದು ತುಂಬಿದ ದಿನ ಆ ಅಂಟು ಬಿಡುತ್ತದೆ. ಗ್ರೀನ್ ಕಾರ್ಡಿನ ಸಾಲಿನಲ್ಲಿ ನಾವು ನಿಂತು ಎಷ್ಟೋ ವರ್ಷವಾಯಿತು. ಭಾರತದವರ ಸಾಲು ಎಷ್ಟು ಉದ್ದವೆಂದರೆ ಅದರ ಮಾತು ಬಂದಾಗ ನಮ್ಮ ವಕೀಲರು ನಮ್ಮ ಮುಖ ನೋಡುವುದಿಲ್ಲ. ಹುಟ್ಟುಹಬ್ಬಕ್ಕೆ ಆಗ ಏಳು ವಾರವಿತ್ತು. ಅಷ್ಟರೊಳಗೆ ಅವಳ ಹೆಸರಿನಲ್ಲೇ ವಿದ್ಯಾರ್ಥಿ ವೀಸಾಕ್ಕೆ ಅರ್ಜಿ ಹೋಗದಿದ್ದರೆ ಅವಳು ಈ ದೇಶ ಬಿಡಬೇಕು. ಅರ್ಜಿ ಹೋಗಿ ಒಪ್ಪಿಗೆ ಸಿಕ್ಕರೂ ಓದು ಮುಗಿದ ಮೇಲೆ ಸ್ವಲ್ಪ ಕಾಲ ಇರಬಹುದು, ಅಷ್ಟೇ. ಅಲ್ಲಿಂದಾಚೆ ಏನು ಎಂದು ಯಾರೂ ಹೇಳುವುದಿಲ್ಲ.

ಹಾಗಾಗಿ ಅಭ್ಯರ್ಥಿಯ ನಿಲುವುಗಳ ಪುಟಗಳು ಮಿಂಚಂಚೆಯಲ್ಲಿ ಬಂದಾಗ ನಾನು ಮೊದಲಿನಿಂದ ಓದಲಿಲ್ಲ. ನೇರವಾಗಿ ವಲಸೆಯ ಭಾಗ ಎಲ್ಲಿದೆ ಎಂದು ಹುಡುಕಿದೆ.

ಕೊನೆಯಿಂದ ಎರಡನೆಯದಾಗಿತ್ತು. ಎರಡೇ ವಾಕ್ಯ. ನಮ್ಮ ವಲಸೆ ವ್ಯವಸ್ಥೆ ಕೆಟ್ಟುಹೋಗಿದೆ. ಸಮಗ್ರವಾದ, ಮಾನವೀಯವಾದ ಸುಧಾರಣೆಯನ್ನು ನಾನು ಬೆಂಬಲಿಸುತ್ತೇನೆ. ಮುಗಿಯಿತು. ಹವಾಮಾನದ ಬಗ್ಗೆ ಒಂದೂವರೆ ಪುಟವಿತ್ತು. ಮನೆ ಬಾಡಿಗೆ, ಆರೋಗ್ಯ ವಿಮೆ, ಬಂದೂಕಿನ ಕಾಯ್ದೆ, ಹೆಂಗಸರ ಗರ್ಭಪಾತದ ಹಕ್ಕು, ಮುದುಕರ ಪಿಂಚಣಿ, ಕೃತಕ ಬುದ್ಧಿಮತ್ತೆಗೆ ಕಡಿವಾಣ, ಹೊರದೇಶದ ಯುದ್ಧಗಳು, ಎಲ್ಲಕ್ಕೂ ಮನುಷ್ಯ ವಿವರವಾಗಿ ಬರೆದಿದ್ದ. ಕೊಲ್ಲಿಯ ತೀರದ ಜೌಗಿನಲ್ಲಿ ಗೂಡು ಕಟ್ಟುವ ಒಂದು ಹಕ್ಕಿಯ ರಕ್ಷಣೆಗೆ ಮೂರು ವಾಕ್ಯ ಕೊಟ್ಟಿದ್ದ. ಹಕ್ಕಿಯ ಮೇಲೆ ನನಗೆ ದ್ವೇಷವಿಲ್ಲ. ಆದರೆ ಅವತ್ತು ಆ ಹಕ್ಕಿ ಕೈಗೆ ಸಿಕ್ಕಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ.

ಅನುವಾದಕ್ಕೆ ಒಂದು ವಾರ ಹಿಡಿಯಿತು. ಆಫೀಸಿನ ಊಟದ ಬಿಡುವಿನಲ್ಲಿ ಸ್ವಲ್ಪ, ಶನಿವಾರ ಬೆಳಗ್ಗೆ ಸ್ವಲ್ಪ. ಆರೋಗ್ಯ ವಿಮೆಯ ಭಾಗವನ್ನು ಹಿರಿಯರು ಹೆಚ್ಚು ಕೇಳುತ್ತಾರೆಂದು ಸಣ್ಣ ಸಣ್ಣ ವಾಕ್ಯವಾಗಿ ಒಡೆದೆ. ಗರ್ಭಪಾತದ ಭಾಗವನ್ನು ಅಜ್ಜಂದಿರ ಮುಂದೆ ಯಾರು ಓದುತ್ತಾರೋ ಅವರ ಗತಿ ನೆನೆದು ನಗು ಬಂತು. ವಲಸೆಯ ಭಾಗ ಕೊನೆಗೆ ಉಳಿಯಿತು. ಅದನ್ನು ಮಾಡಿದ್ದು ಶನಿವಾರ ಮಧ್ಯಾಹ್ನ. ಮಗಳು ಒಳಗಿನ ಕೋಣೆಯಲ್ಲಿ ಫೋನಿನಲ್ಲಿದ್ದಳು. ಬೇಸಗೆಯಲ್ಲಿ ಒಂದು ಲ್ಯಾಬಿನಲ್ಲಿ ಕೆಲಸ ಸಿಗುವುದರಲ್ಲಿತ್ತು. ನಿನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲವಲ್ಲ ಎಂದು ಅವರು ಹೇಳಿದ್ದಿರಬೇಕು. ಪರವಾಗಿಲ್ಲ, ಅರ್ಥವಾಗುತ್ತದೆ, ತುಂಬಾ ಥ್ಯಾಂಕ್ಸ್ ಎಂದು ಇವಳು ಮೂರು ಸಲ ಹೇಳಿದ್ದು ನನಗೆ ಕೇಳಿಸಿತು. ಇಲ್ಲ ಅನ್ನಿಸಿಕೊಂಡು ಥ್ಯಾಂಕ್ಸ್ ಹೇಳುವುದನ್ನು ನನ್ನ ಮಗಳಷ್ಟು ಚೆನ್ನಾಗಿ ಯಾರೂ ಕಲಿತಿಲ್ಲ.

ನಾನು ಆ ಎರಡು ವಾಕ್ಯಗಳ ಕೆಳಗೆ ಮೂರನೆಯದೊಂದನ್ನು ಬರೆದೆ. "ತಂದೆ ತಾಯಿಯ ವೀಸಾದ ಮೇಲೆ ಬಂದು ಇಲ್ಲೇ ಬೆಳೆದ ಮಕ್ಕಳನ್ನು ಇಪ್ಪತ್ತೊಂದು ತುಂಬಿದ ಕೂಡಲೇ ಹೊರಗೆ ಹಾಕುವ ಕಾನೂನನ್ನು ಬದಲಿಸಲು ಮೊದಲ ವರ್ಷವೇ ಮಸೂದೆ ತರುತ್ತೇನೆ."

ಯಾಕೆ ಬರೆದೆ ಎಂದು ಆಮೇಲೆ ಎಷ್ಟೋ ಜನ ಕೇಳಿದರು. ಆ ಮಾತು ಒಬ್ಬ ಅಭ್ಯರ್ಥಿಯ ನಿಲುವಾಗಿ ಕಾಗದದ ಮೇಲೆ ಹೇಗೆ ಕಾಣುತ್ತದೆ ಎಂದು ನೋಡಬೇಕೆನ್ನಿಸಿತು, ಅಷ್ಟೇ. ನೋಡಿ ಅಳಿಸುತ್ತೇನೆ ಅಂದುಕೊಂಡೆ. ನೋಡಿದೆ. ಚೆನ್ನಾಗಿ ಕಂಡಿತು. ಒಬ್ಬ ಸಭ್ಯ ಮನುಷ್ಯ ಹೇಳಬೇಕಾದ ಮಾತು ಹಾಗೆಯೇ ಇರುತ್ತದೆ ಅನ್ನಿಸಿತು. ಇದನ್ನು ಓದುವವರು ಮೂವತ್ತು ನಲವತ್ತು ಮುದುಕರು, ಅವರಲ್ಲಿ ಅರ್ಧ ಜನ ಕನ್ನಡಕ ಮರೆತು ಬರುವವರು, ಯಾರಿಗೆ ಏನಾಗುತ್ತದೆ ಎಂದುಕೊಂಡೆ. ಅಳಿಸಲಿಲ್ಲ. ಇಂಜಿನಿಯರರು ಕಣ್ಣಾಡಿಸದೆಯೇ ಕರಪತ್ರವಾಗಿ ಅಚ್ಚು ಹಾಕಿಸಿದರು. ನನ್ನ ಕನ್ನಡದ ಮೇಲೆ ಅವರಿಗೆ ಅಷ್ಟು ನಂಬಿಕೆ.

ನಮ್ಮ ಹಿರಿಯರು ಬೆಳಗ್ಗೆ ಪಾರ್ಕಿನಲ್ಲಿ ಸೇರುತ್ತಾರೆ. ಎರಡು ಸುತ್ತು ನಡಿಗೆ, ಆಮೇಲೆ ಬೆಂಚಿನ ಮೇಲೆ ಕೂತು ಸೊಸೆಯಂದಿರ ವಿಷಯ. ಕರಪತ್ರ ಅಲ್ಲಿಗೆ ಹೋಯಿತು. ಅವರಲ್ಲಿ ಬಾಗಲಕೋಟೆಯ ಕಡೆಯ ಒಬ್ಬ ಅಜ್ಜಿ ಇದ್ದಾರೆ. ನನಗೆ ಕೆಲಸ ಮಾಡಲು ಪರವಾನಗಿ ಸಿಕ್ಕ ಹೊಸದರಲ್ಲಿ, ಶಾಲೆ ಬಿಟ್ಟ ಮೇಲೆ ಮಗಳು ಅವರ ಮನೆಯಲ್ಲೇ ಇರುತ್ತಿದ್ದಳು. ರೊಟ್ಟಿಗೆ ಕೆಂಪು ಚಟ್ನಿ ಹಚ್ಚಿ ಸುರುಳಿ ಮಾಡಿ ತಿನ್ನಿಸಿ, ಜಡೆ ಹೆಣೆದು, ಹೋಮ್‌ವರ್ಕಿಗೆ ಕೂರಿಸುತ್ತಿದ್ದವರು ಅವರೇ. ಈ ಅಜ್ಜಿ ಆ ವಾಕ್ಯವನ್ನು ಪಕ್ಕದವರ ಕೈಲಿ ಎರಡು ಸಲ ಓದಿಸಿಕೊಂಡು, ಮನೆಗೆ ಹೋಗಿ ನನಗೆ ಫೋನು ಮಾಡಲಿಲ್ಲ. ನನ್ನ ಮಗಳಿಗೆ ಮಾಡಿದರು. ನಿನ್ನ ವಿಷಯ ಬರದಾರ, ಇನ್ನೇನು ಚಿಂತಿ ಇಲ್ಲ ಎಂದರಂತೆ.

ಸಂಜೆ ನಾನು ಆಫೀಸಿನಿಂದ ಬಂದಾಗ ಮಗಳು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಿದ್ದಳು. ಒಂದು ಕೈಯಲ್ಲಿ ಕರಪತ್ರ, ಇನ್ನೊಂದರಲ್ಲಿ ಫೋನು. ಅವಳಿಗೆ ಕನ್ನಡ ಓದಲು ನಾನೇ ಕಲಿಸಿದ್ದು. ನಿಧಾನವಾಗಿ ಓದುತ್ತಾಳೆ, ಆದರೆ ಓದುತ್ತಾಳೆ. ಅಭ್ಯರ್ಥಿಯ ವೆಬ್‌ಸೈಟಿನಲ್ಲಿ ಇದಿಲ್ಲವಲ್ಲ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಆರೋಪದ ದನಿಯಿರಲಿಲ್ಲ. ಎಲ್ಲಿದೆ ತೋರಿಸು ಎನ್ನುವ ಹಾಗೆ ಕೇಳಿದಳು.

ಆಗ ಹೇಳಿಬಿಡಬಹುದಿತ್ತು. ಹೇಳಬೇಕಿತ್ತು. ಆದರೆ ಆಸೆ ತುಂಬಿದ ಅವಳ ಮುಖ ನೋಡಿದೆ. ಎರಡು ವರ್ಷದಿಂದ ಅವಳು ಆ ಮುಖ ಮಾಡಿದ್ದನ್ನು ನಾನು ನೋಡಿರಲಿಲ್ಲ. ಬೇರೆ ಒಂದು ಸಭೆಯಲ್ಲಿ ಅವರು ಹೇಳಿದರಂತೆ, ವೆಬ್‌ಸೈಟಿಗೆ ಇನ್ನೂ ಹಾಕಿಲ್ಲ, ಅವರ ಕಡೆಯವರೇ ಸೇರಿಸಲು ಹೇಳಿದರು ಎಂದು ನನ್ನ ಬಾಯಿಂದ ಬಂತು. ಒಂದಾದ ಮೇಲೊಂದು, ಎಷ್ಟು ಸಲೀಸಾಗಿ ಬಂತು ಎಂದರೆ ನನಗೇ ಆಶ್ಚರ್ಯ. ಅವಳು ಹೌದಾ ಎಂದಳು. ಇನ್ನೊಮ್ಮೆ ಹೌದಾ ಎಂದಳು. ಆಮೇಲೆ ಫ್ರಿಜ್ಜಿನಿಂದ ಮೊಸರು ತೆಗೆದು, ನಿಂತಲ್ಲೇ ಅನ್ನ ಕಲೆಸಿಕೊಂಡು, ತಟ್ಟೆ ತುಂಬ ತಿಂದಳು.

ವಕೀಲರ ಲೆಕ್ಕದಲ್ಲಿ ಅಷ್ಟರಲ್ಲಿ ಅವಳ ಅರ್ಜಿ ಹೋಗಬೇಕಿತ್ತು. ಬಾಕಿ ಇದ್ದದ್ದು ಒಂದೇ ಕಾಗದ. ವಿದ್ಯಾರ್ಥಿ ವೀಸಾ ಕೇಳುವವರು, ಓದು ಮುಗಿದ ಕೂಡಲೇ ನನ್ನ ದೇಶಕ್ಕೆ ಹಿಂತಿರುಗುತ್ತೇನೆ, ಇಲ್ಲಿ ನೆಲೆಸುವ ಉದ್ದೇಶವಿಲ್ಲ ಎಂದು ತಾವೇ ಬರೆದು ಸಹಿ ಮಾಡಿ ಕೊಡಬೇಕು. ವಕೀಲರು ಎರಡು ಸಲ ನೆನಪಿಸಿದ್ದರು. ಅದು ಸುಳ್ಳಲ್ಲವಾ, ನಾನು ಹೇಗೆ ಬರೆಯಲಿ ಎಂದು ಇವಳು ಒಂದು ತಿಂಗಳಿನಿಂದ ಮುಂದೂಡುತ್ತ ಬಂದಿದ್ದಳು. ಈಗ ಮತ್ತೆ ಮುಂದಕ್ಕೆ ಹಾಕಿದಳು. ಆ ಭಾನುವಾರ ಅಭ್ಯರ್ಥಿ ಬರಲಿ, ಅವರ ಬಾಯಲ್ಲೇ ಕೇಳುತ್ತೇನೆ, ಸೋಮವಾರ ನೋಡೋಣ ಎಂದಳು. ಗಂಡ ನನ್ನ ಕಡೆ ನೋಡಿದರು. ಅವರಿಗೂ ನಾನು ಅದೇ ಸುಳ್ಳು ಹೇಳಿದ್ದೆ. ಅವರೂ ನಂಬಿದ್ದರು. ಎಂದೂ ಏನನ್ನೂ ನಂಬದ ಮನುಷ್ಯ, ಹವಾಮಾನ ವರದಿಯನ್ನೂ ನಂಬದವರು, ನನ್ನ ಕನ್ನಡ ವಾಕ್ಯವೊಂದನ್ನು ನಂಬಿಕೊಂಡು ಆ ವಾರವೆಲ್ಲ ಕಾರಿನಲ್ಲಿ ಹಾಡು ಹಾಕಿಕೊಂಡು ಹೋದರು.

ಒಂಬತ್ತು ದಿನ ಹಾಗೆ ಕಳೆಯಿತು. ನಮ್ಮ ಮನೆಯಲ್ಲಿ ಅಷ್ಟು ಸಂತೋಷದ ಒಂಬತ್ತು ದಿನ ಇತ್ತೀಚೆಗೆ ಬಂದದ್ದಿಲ್ಲ. ನಾನೊಬ್ಬಳೇ ಊಟ ಸೇರದೆ ತಿರುಗುತ್ತಿದ್ದೆ. ಅಭ್ಯರ್ಥಿಯ ಕಚೇರಿಗೆ ಎರಡು ಸಲ ಮಿಂಚಂಚೆ ಬರೆದೆ. ಇಂಥ ಮಕ್ಕಳಿದ್ದಾರೆ, ನಿಮ್ಮ ನಿಲುವೇನು, ದಯವಿಟ್ಟು ಭಾನುವಾರದೊಳಗೆ ತಿಳಿಸಿ ಎಂದು ಬೇಡಿಕೊಂಡೆ. ನಾನು ಬರೆದದ್ದನ್ನು ಅವರು ನಿಜ ಮಾಡಿಬಿಟ್ಟರೆ ಸುಳ್ಳು ಸುಳ್ಳಾಗಿ ಉಳಿಯುವುದಿಲ್ಲವಲ್ಲ ಎಂಬ ಹುಚ್ಚು ಲೆಕ್ಕ. ನಿಮ್ಮ ಕಾಳಜಿಗೆ ಧನ್ಯವಾದಗಳು, ನಮ್ಮ ಅಭಿಯಾನಕ್ಕೆ ಕೈಜೋಡಿಸಿ ಎಂಬ ಸಿದ್ಧ ಉತ್ತರ ಎರಡು ಸಲವೂ ಬಂತು.

ಭಾನುವಾರ ಬಂತು. ಗುಡ್ಡದ ಮೇಲಿನ ಮನೆಯ ದೊಡ್ಡ ಹಾಲಿನಲ್ಲಿ ಸೋಫಾಗಳನ್ನು ಗೋಡೆಗೆ ತಳ್ಳಿ ಬಾಡಿಗೆ ಕುರ್ಚಿ ಹಾಕಿದ್ದರು. ಅಭ್ಯರ್ಥಿ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು, ನಮ್ಮವರು ಇಪ್ಪತ್ತು ನಿಮಿಷ ತಡವಾಗಿ ಬಂದರು. ಅಭ್ಯರ್ಥಿ ನಮಗೆ ಕೊಟ್ಟದ್ದು ಮುಕ್ಕಾಲು ಗಂಟೆ. ಅದರಲ್ಲಿ ಮೊದಲು ಪ್ರಾರ್ಥನೆ, ಆಮೇಲೆ ಸ್ವಾಗತ ಭಾಷಣ, ಆಮೇಲೆ ಸನ್ಮಾನ. ಇನ್ನೂ ಗೆದ್ದಿರದ, ನಮಗಾಗಿ ಏನೂ ಮಾಡಿರದ ಮನುಷ್ಯನಿಗೆ ಶಾಲು ಹೊದಿಸಿ, ಮೈಸೂರು ಪೇಟ ಇಟ್ಟು, ಹಾರ ಹಾಕಿ, ಹಣ್ಣಿನ ಬುಟ್ಟಿ ಕೈಗಿಟ್ಟರು. ಪ್ರತಿಯೊಂದಕ್ಕೂ ಫೋಟೋ. ಪೇಟ ಅಳತೆಗೆ ದೊಡ್ಡದಾಗಿ ಹುಬ್ಬಿನವರೆಗೆ ಇಳಿಯುತ್ತಿತ್ತು, ಅವರು ನಗುತ್ತ ಮೇಲಕ್ಕೆ ತಳ್ಳಿಕೊಳ್ಳುತ್ತಿದ್ದರು. ನಮ್ಮ ಪೈಕಿ ಯಾರಿಗೂ ಏನೂ ಕೇಳಬೇಕಾಗಿಲ್ಲವೇನೋ ಎಂಬಂತೆ ಹೊತ್ತು ಹೋಗುತ್ತಿತ್ತು. ಬೇರೆ ದಿನವಾಗಿದ್ದರೆ ನನ್ನ ಪಿತ್ತ ನೆತ್ತಿಗೇರುತ್ತಿತ್ತು. ಅವತ್ತು ಮಾತ್ರ ಇನ್ನೊಂದು ಹಾರ ಇರಲಿ, ಇನ್ನೊಂದು ಭಾಷಣ ಇರಲಿ, ಪ್ರಶ್ನೆಗೆ ಸಮಯವೇ ಸಿಗದಿರಲಿ ಎಂದು ಬೇಡಿಕೊಳ್ಳುತ್ತ ಅಭ್ಯರ್ಥಿಯ ಪಕ್ಕದಲ್ಲಿ ನಿಂತಿದ್ದೆ. ಮಗಳು ಮೊದಲ ಸಾಲಿನಲ್ಲಿ ಅಜ್ಜಿಯ ಪಕ್ಕ ಕೂತಿದ್ದಳು. ಕೂದಲು ಒಪ್ಪವಾಗಿ ಬಾಚಿಕೊಂಡು, ಸಂದರ್ಶನಕ್ಕೆ ಹೋಗುವಾಗ ಹಾಕುವ ನೀಲಿ ಕೋಟು ಹಾಕಿದ್ದಳು.

ಕೊನೆಗೆ ಹತ್ತು ನಿಮಿಷ ಉಳಿಯಿತು. ಒಂದು ಪ್ರಶ್ನೆ ತೆಗೆದುಕೊಳ್ಳೋಣ, ಹಿರಿಯರೇ ಕೇಳಲಿ ಎಂದರು ಇಂಜಿನಿಯರರು. ಅಜ್ಜಿ ಎದ್ದು ನಿಂತರು. ಎದ್ದು ನಿಲ್ಲಲು ನನ್ನ ಮಗಳ ಭುಜ ಹಿಡಿದುಕೊಂಡಿದ್ದರು. ಅಭ್ಯರ್ಥಿಯೂ ಪೇಟ ತೆಗೆದು ಕೈಯಲ್ಲಿ ಹಿಡಿದು ಗೌರವದಿಂದ ಎದ್ದು ನಿಂತರು.

"ಸಾಹೇಬ್ರ, ನೀವು ಬರದಿದ್ದೆಲ್ಲಾ ಓದಿಸಿಕೊಂಡೇನಿ," ಎಂದರು ಅಜ್ಜಿ. "ನನಗ ಎಲ್ಲಾ ತಿಳೀಲಿಲ್ಲ. ಒಂದು ತಿಳೀತು. ಇಲ್ಲೆ ಬೆಳದ ಮಕ್ಕಳನ್ನ ಹೊರಗ ಹಾಕಾಕ ಬಿಡಂಗಿಲ್ಲ ಅಂದೀರಿ. ನನ್ನ ಓಟು ಅದೊಂದಕ್ಕ. ಈ ಹುಡುಗಿ ನನ್ನ ಕೈಯಾಗ ಬೆಳದಾಳ. ನಿಮ್ಮ ಬಾಯಿಲೆ ಇನ್ನೊಮ್ಮೆ ಹೇಳ್ರಿ, ಆಕಿ ಕೇಳಲಿ."

ಎಲ್ಲರೂ ನನ್ನ ಕಡೆ ತಿರುಗಿದರು. ಇಂಗ್ಲಿಷಿನಲ್ಲಿ ನಾನು ಏನು ಬೇಕಾದರೂ ಹೇಳಬಹುದಿತ್ತು. ಅಜ್ಜಿ ನಿಮಗೆ ಶುಭ ಕೋರುತ್ತಿದ್ದಾರೆ ಎಂದು ಮುಗಿಸಬಹುದಿತ್ತು. ಆದರೆ ನಾಲ್ಕು ಹೆಜ್ಜೆ ದೂರದಲ್ಲಿ ಎರಡೂ ಭಾಷೆ ಬಲ್ಲ ನನ್ನ ಮಗಳು ಕಣ್ಣರಳಿಸಿ ಕೂತಿದ್ದಳು. ಅಜ್ಜಿ ಹೇಳಿದ್ದನ್ನು ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ಹೇಳುತ್ತಿರುವಾಗಲೂ, ಮನುಷ್ಯ ಒಳ್ಳೆಯವನ ಹಾಗೆ ಕಾಣುತ್ತಾನೆ, ಮುದುಕಿಯ ಮುಂದೆ ಇಲ್ಲ ಎನ್ನಲಾರ, ಹೌದು ಎಂದುಬಿಡುತ್ತಾನೆ ಎಂಬ ಆಸೆ ನನ್ನಲ್ಲಿತ್ತು. ದೇವರೇ, ಅಷ್ಟು ಆಸೆಪಟ್ಟಿದ್ದೆ.

ಅವರು ತಮ್ಮ ಸಹಾಯಕಿಯ ಕಡೆ ನೋಡಿದರು. ಆಕೆ ತನ್ನ ಟ್ಯಾಬ್ಲೆಟ್ಟಿನಲ್ಲಿ ಬೆರಳಾಡಿಸಿ ಇಲ್ಲವೆಂದು ತಲೆ ಅಲ್ಲಾಡಿಸಿದಳು. ಅಭ್ಯರ್ಥಿ ಮೆತ್ತಗೆ, ಬೇಸರವಾಗದ ಹಾಗೆ ಮಾತಾಡಿದರು. ಇಂಥ ಮಕ್ಕಳ ಕಥೆ ಕೇಳಿದಾಗಲೆಲ್ಲ ಮನಸ್ಸು ಕಲಕುತ್ತದೆ, ಆದರೆ ಹಾಗೊಂದು ಮಾತು ಕೊಟ್ಟ ನೆನಪು ನನಗಿಲ್ಲ, ಈ ವಿಷಯದಲ್ಲಿ ನಾನು ಇನ್ನೂ ಯಾವ ನಿಲುವನ್ನೂ ತೆಗೆದುಕೊಂಡಿಲ್ಲ, ಆರಿಸಿ ಬಂದ ಮೇಲೆ ಎಲ್ಲರ ಜೊತೆ ಕೂತು ಅಧ್ಯಯನ ಮಾಡುತ್ತೇನೆ ಎಂದರು. ಆಮೇಲೆ ನನ್ನ ಕಡೆ ನೋಡಿ, ಕನ್ನಡದಲ್ಲಿ ಹೇಳಿ ಎಂಬಂತೆ ತಲೆ ಆಡಿಸಿದರು.

ನಾನು ಬಾಯಿ ತೆರೆದೆ. ದನಿ ಬರಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದೆ. ಯಾರೋ ನೀರಿನ ಲೋಟ ತಂದರು. ಅಜ್ಜಿ ಏನಂದ್ರು ಏನಂದ್ರು ಎಂದು ಪಕ್ಕದವರನ್ನು ಕೇಳುತ್ತಿದ್ದರು. ಕೊನೆಗೆ ಕೂತಲ್ಲಿಂದ ನನ್ನ ಮಗಳೇ ಹೇಳಿದಳು.

"ಅಜ್ಜಿ, ಅವರು ಹಾಗೆ ಹೇಳಿಲ್ವಂತೆ. ನನ್ನ ಬಗ್ಗೆ ಇನ್ನೂ ಏನೂ ಡಿಸೈಡ್ ಮಾಡಿಲ್ವಂತೆ."

ಹಂಗಾದ್ರ ಇದನ್ನ ಬರದವರು ಯಾರು ಎಂದು ಅಜ್ಜಿ ಕರಪತ್ರ ಎತ್ತಿ ಹಿಡಿದು ಕೇಳಿದರು. ಮಗಳಿಗೆ ಅಷ್ಟು ಹೊತ್ತಿಗೆ ಎಲ್ಲ ಗೊತ್ತಾಗಿತ್ತು, ಆದರೂ ನನ್ನನ್ನು ಹಿಡಿದುಕೊಡಲಿಲ್ಲ, ನೆಲ ನೋಡುತ್ತ ಕೂತಳು. ಅದನ್ನು ಕಂಡ ಮೇಲೆ ನನ್ನ ದನಿ ಹೊರಟಿತು. ನಾನು ಬರೆದೆ ಎಂದೆ. ಕನ್ನಡದಲ್ಲಿ ಹೇಳಿ, ಆಮೇಲೆ ಅಭ್ಯರ್ಥಿಯ ಕಡೆ ತಿರುಗಿ ಅದನ್ನೇ ಇಂಗ್ಲಿಷಿಗೂ ಅನುವಾದಿಸಿದೆ. ಅದೂ ನನ್ನ ಕೆಲಸವೇ ತಾನೇ. ಇಂಜಿನಿಯರರ ಮುಖ ಕಪ್ಪಿಟ್ಟಿತು. ಸಹಾಯಕಿ ನನ್ನನ್ನು ಪಕ್ಕಕ್ಕೆ ಕರೆದು, ತಿದ್ದಿದ ಪ್ರತಿ ಸೋಮವಾರ ಮಧ್ಯಾಹ್ನದೊಳಗೆ ಬರಬೇಕು ಎಂದಳು. ಅಭ್ಯರ್ಥಿ ಮಾತ್ರ ಹೊರಡುವಾಗ ನನ್ನ ಕೈ ಕುಲುಕಿ, ನಿಮ್ಮ ನೋವು ನನಗೆ ಅರ್ಥವಾಗುತ್ತದೆ ಎಂದರು. ಅವರು ಕೆಟ್ಟವರಾಗಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು. ಬೈದು ಹಗುರಾಗಬಹುದಿತ್ತು.

ಕಾರು ಗುಡ್ಡ ಇಳಿದು ಸಿಗ್ನಲ್ಲಿನಲ್ಲಿ ನಿಂತಾಗ ಹಿಂದಿನ ಸೀಟಿನಿಂದ ಮಗಳು ಇಂಗ್ಲಿಷಿನಲ್ಲಿ ಹೇಳಿದಳು. ಇಲ್ಲ ಅಂತಲೇ ಹೇಳಬಹುದಿತ್ತಲ್ಲಮ್ಮ, ಇಲ್ಲ ಅನ್ನುವುದು ನನಗೆ ಅಭ್ಯಾಸವಿದೆ, ಹೌದು ಅನ್ನುವುದು ಅಭ್ಯಾಸವಿರಲಿಲ್ಲ. ಸಿಟ್ಟಿನಲ್ಲಿ ಹೇಳಿದ್ದರೆ ನಾನೂ ನಾಲ್ಕು ಮಾತಾಡುತ್ತಿದ್ದೆ. ಸಿಗ್ನಲ್ ಹಸಿರಾಯಿತು, ಹಿಂದಿನವರು ಹಾರ್ನು ಹೊಡೆದರು, ಗಂಡ ಎಂದಿನಂತೆ ನಿಧಾನವಾಗಿ ಹೊರಟರು.

ಚುನಾವಣೆ ಏನಾಯಿತು ಎಂದು ನಾನಿಲ್ಲಿ ಬರೆಯುವುದಿಲ್ಲ. ಅಜ್ಜಿ ಮತಪತ್ರದಲ್ಲಿ ಎಲ್ಲವನ್ನೂ ತುಂಬಿ ಆ ಒಂದು ಸ್ಥಾನವನ್ನು ಮಾತ್ರ ಖಾಲಿ ಬಿಟ್ಟು ಕಳಿಸಿದರೆಂದು ಆಮೇಲೆ ತಿಳಿಯಿತು. ನನ್ನ ಮೇಲೆ ಅವರು ಸಿಟ್ಟಾಗಲಿಲ್ಲ. ಬರೀಬೇಕಾದವರು ಬರೀಲಿಲ್ಲ, ನೀ ಬರದಿ ಎಂದಷ್ಟೇ ಹೇಳಿ ರೊಟ್ಟಿ ಜೊತೆ ತಿನ್ನುವ ಶೇಂಗಾ ಹಿಂಡಿ ಒಂದು ಡಬ್ಬಿ ಕೊಟ್ಟು ಕಳಿಸಿದರು. ಅದೆಲ್ಲ ಆಮೇಲಿನ ಮಾತು.

ಆ ಸೋಮವಾರ ನಾನು ಆಫೀಸಿಗೆ ರಜೆ ಹಾಕಿದೆ. ಊಟದ ಮೇಜಿನ ಒಂದು ಕಡೆ ನಾನು ಕೂತೆ, ಇನ್ನೊಂದು ಕಡೆ ಮಗಳು. ನಾನು ಕಂಪ್ಯೂಟರಿನಲ್ಲಿ ಆ ವಾಕ್ಯದ ಮೇಲೆ ಗೆರೆ ಎಳೆದು ಅಳಿಸಿದೆ. ವಲಸೆಯ ಭಾಗ ಮತ್ತೆ ಎರಡೇ ವಾಕ್ಯಕ್ಕೆ ಇಳಿಯಿತು. ಕೆಳಗಿದ್ದ ಹಕ್ಕಿಯ ಭಾಗ ಒಂದು ಸಾಲು ಮೇಲೆ ಬಂತು. ಮೇಲ್ಗಡೆ, ಇದು ತಿದ್ದಿದ ಪ್ರತಿ, ಹಿಂದಿನದನ್ನು ಪರಿಗಣಿಸಬೇಡಿ ಎಂದು ಸೇರಿಸಿ ಕಳಿಸಿದೆ. ನನ್ನ ಮಗಳನ್ನು ಪರಿಗಣಿಸಬೇಡಿ ಎಂದು ನನ್ನ ಕೈಯಿಂದಲೇ ಬರೆಸಿದ ಹಾಗಾಯಿತು ಎನ್ನಿಸಿ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅತ್ತೆ.

ಹಿಂದಿರುಗಿ ಬಂದಾಗ ಮಗಳು ಬರೆದು ಮುಗಿಸಿದ್ದಳು. ಅಭ್ಯರ್ಥಿಗಾದರೆ ನಿಲುವು ಇಲ್ಲದೆಯೂ ನಡೆಯುತ್ತದೆ. ಅವಳಿಗೆ ವಕೀಲರು ಕೊಟ್ಟ ಕೊನೆಯ ಗಡುವು ಅಂದು ಸಂಜೆ, ಅಷ್ಟರೊಳಗೆ ಬೇಕೇ ಬೇಕಿತ್ತು. ಭಾರತದ ವಿಳಾಸ ಯಾವುದು ಹಾಕಲಿ ಎಂದು ಕೇಳಿದಳು. ನನ್ನ ತಮ್ಮ ಧಾರವಾಡದಲ್ಲಿ ಕೊಂಡ ಫ್ಲ್ಯಾಟಿನ ವಿಳಾಸ ಹೇಳಿದೆ. ನಾವು ದೇಶ ಬಿಟ್ಟ ಮೇಲೆ ಕಟ್ಟಿದ ಕಟ್ಟಡ ಅದು, ಅವಳು ಅಲ್ಲಿಗೆ ಎರಡು ಸಲ ಹೋಗಿ ಉಳಿದಿದ್ದಾಳೆ. ಬರೆದುಕೊಂಡು, ಕಾಗದವನ್ನು ಮೇಜಿನ ಮೇಲೆ ನನ್ನ ಕಡೆಗೆ ಸರಿಸಿ, ತಪ್ಪೇನಾದರೂ ಇದೆಯಾ ನೋಡು ಎಂದಳು.

ನಾನು ಭಾರತದವಳು ಎಂದು ಇಂಗ್ಲಿಷಿನಲ್ಲಿ ಬರೆದಿದ್ದಳು. ನನ್ನ ಮನೆ ಧಾರವಾಡದಲ್ಲಿದೆ. ನನ್ನ ಬಂಧುಬಳಗ ಅಲ್ಲಿದೆ, ನನ್ನ ಭವಿಷ್ಯ ಅಲ್ಲಿದೆ. ಓದು ಮುಗಿದ ಕೂಡಲೇ ನಾನು ನನ್ನ ಮನೆಗೆ ಹಿಂತಿರುಗುತ್ತೇನೆ. ಅಮೆರಿಕದಲ್ಲಿ ನೆಲೆಸುವ ಯಾವ ಉದ್ದೇಶವೂ ನನಗಿಲ್ಲ.

ನಾನು ಪೆನ್ನು ಹಿಡಿದು ಎರಡು ಸಲ ಓದಿದೆ. ಸರಿಯಾಗಿದೆ ಎಂದೆ. ಅವಳು ಕಾಗದ ತಿರುಗಿಸಿಕೊಂಡು ಸಹಿ ಹಾಕಿದಳು.